ಎರವಲು ಬಂದವನು ಯಾರವನು?

ಮೋಕಾ,
ಸೋಮವಾರ, ಜನವರಿ 29, 1996

ನನ್ನ ಪ್ರೀತಿಯ ಮುದುಕಾ,

ಹೇಗಿದ್ದೀಯ? ಮಲಗಿದಾಗ ಉಸಿರು ಕಟ್ಟುವುದು ಸ್ವಲ್ಪ ಕಡಿಮೆಯಾಯಿತೇ, ಇಲ್ಲ ಇನ್ನೂ ದಿಂಬಿನ ಮೇಲೆ ದಿಂಬು ಪೇರಿಸಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದೀಯಾ? ಕಾಲಿನ ಊತ ಇಳಿಯಿತೇ? ದಾಮಾರಿಸ್ ಉಪ್ಪಿಲ್ಲದ ಬಾಳೆಕಾಯಿ ಬೇಯಿಸಿ ಕೊಟ್ಟರೆ ಮುಖ ಸಿಂಡರಿಸಬೇಡ. ಅಲ್ಲಿ ಪಟ್ಟಣದ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಮಾಡಿ ಊರವರ ಅಪ್ಪಂದಿರನ್ನೆಲ್ಲ ನೋಡಿಕೊಂಡು, ಮನೆಗೆ ಬಂದು ತನ್ನ ಅಪ್ಪನನ್ನೂ ನೋಡಿಕೊಳ್ಳುವ ಮಗಳು ಅವಳು. ಅವಳ ಬಿರುಸು ನನ್ನಿಂದ ಬಂದದ್ದು, ಹಟ ನಿನ್ನಿಂದ ಬಂದದ್ದು. ಇಬ್ಬರಲ್ಲಿ ಯಾರಾದರೂ ಒಬ್ಬರು ಒಳ್ಳೆಯ ಗುಣ ಕೊಡಬಹುದಿತ್ತು. ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಇದ್ದದ್ದೇ. ಬೆಕ್ಕು ನಿನ್ನ ಕುರ್ಚಿ ಹಿಡಿದುಕೊಂಡಿದೆ, ಎಬ್ಬಿಸಿದರೆ ನಿನ್ನ ಹಾಗೆಯೇ ಗುರುಗುಟ್ಟುತ್ತದೆ. ಹಿತ್ತಲಿನ ಬೆಣ್ಣೆಹಣ್ಣಿನ ಮರದಲ್ಲಿ ಹೂ ಬಿಟ್ಟಿದೆ.

ಈ ಕಾಗದ ಮರಗೆಣಸಿನ ಎರಡು ಕಸಾಬೆ ರೊಟ್ಟಿಗಳ ನಡುವೆ ಸಿಕ್ಕಿದ್ದಕ್ಕೆ ಆಶ್ಚರ್ಯಪಡಬೇಡ. ಅಂಚೆಯಲ್ಲಿ ಹಾಕಿದರೆ ಮಗಳು ಮೊದಲು ಒಡೆದು ನೋಡುತ್ತಾಳೆ, ಬೇಸ್‌ಬಾಲ್ ಎನ್ನುವ ಮಾತು ಕಂಡರೆ ಮುಗಿಯಿತು. ಡಾಕ್ಟರು ನಿನಗೆ ರೇಡಿಯೊ ಬೇಡ ಅಂದರು, ಪತ್ರಿಕೆಯ ಆಟದ ಪುಟ ಬೇಡ ಅಂದರು. ಆಮೇಲೆ ನಾವಿಬ್ಬರೂ ನಿನ್ನ ಹಾಸಿಗೆಯ ಆಚೆ ಈಚೆ ಕೂತು ನಿನ್ನ ನಾವಿಕರ ತಂಡಕ್ಕೆ ಚೆಂಡೆಸೆಯುವ ಆ ಎಡಗೈ ಪಿಚರ್ ಬಗ್ಗೆ ಜಗಳ ಆಡುವುದನ್ನು ಬಾಗಿಲಲ್ಲಿ ನಿಂತು ಕೇಳಿ ನನ್ನನ್ನೂ ಬೇಡ ಅಂದರು. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಯನ್ನು ರೇಡಿಯೊದ ಜೊತೆ ಒಂದೇ ಬಸ್ಸಿನಲ್ಲಿ ಊರಿಗೆ ಕಳಿಸಿದರು. ರೇಡಿಯೊ ಮೋಕಾದವರೆಗೂ ನನ್ನ ತೊಡೆಯ ಮೇಲೆ ಕೂತು ಬಂತು. ಡ್ರೈವರ್ ಕೂಡ ಕೇಳಿದ, "ದೋನ್ಯಾ ಎರ್ಸಿಲಿಯಾ, ಯಜಮಾನ್ರ ಬದ್ಲು ಇದನ್ನ ಕರ್ಕೊಂಡ್ ಬಂದ್ರಾ?" ಅಂತ. ಈ ರೊಟ್ಟಿ ತಂದುಕೊಟ್ಟವನೂ ಅವನೇ. ಬಾಯಿ ಬಿಡುವವನಲ್ಲ.

ಆಪರೇಷನ್ ವಿಷಯ ನಾನು ಎತ್ತುವುದಿಲ್ಲ. ಎತ್ತಕೂಡದು ಎಂದು ನೀನು ಹೇಳಿದ್ದೀಯ. ಎದೆಯ ಕವಾಟ ಒಂದು ಸೋತುಹೋಗಿದೆ, ಅದನ್ನು ತೆಗೆದು ಬೇರೆಯದು ಕೂರಿಸಬೇಕು, ಇಲ್ಲದಿದ್ದರೆ ಈ ಸಲದ ಮಾವಿನ ಕಾಲ ಕಾಣುವುದೂ ಕಷ್ಟ ಎಂದು ಡಾಕ್ಟರು ನಮ್ಮ ಮೂವರ ಎದುರಿಗೇ ಹೇಳಿದರು. "ನಾನು ತಂದ ಸಾಮಾನಿನ ಜೊತೇಲೇ ಹೋಗ್ತೀನಿ, ಬೇರೆಯವರ ಸಾಮಾನು ನನ್ನೊಳಗೆ ಬೇಡ" ಎಂದು ನೀನಂದೆ, ಗೋಡೆಯ ಕಡೆ ತಿರುಗಿ ಮಲಗಿದೆ. ನೀನು ಸಹಿ ಹಾಕದೆ ಅವರು ಮುಟ್ಟುವುದಿಲ್ಲ. ಡಾಕ್ಟರು ಶುಕ್ರವಾರದವರೆಗೆ ಕಾಯುತ್ತಾರಂತೆ, ಆಮೇಲೆ ಆ ಜಾಗ ಬೇರೆಯವರಿಗೆ. ಇಷ್ಟೇ. ಇನ್ನು ಅದರ ಸುದ್ದಿ ಇಲ್ಲ. ಈ ಕಾಗದ ಪೂರ್ತಿ ಬೇಸ್‌ಬಾಲಿಗೆ.

ಮೊದಲು ಬೆಳಗಿನ ಮಾತ್ರೆ ನುಂಗು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತುಕೋ. ಕೂತೆಯಾ? ನಾವು ಗೆದ್ದೆವು. ನಿನ್ನೆ ಮಧ್ಯಾಹ್ನ, ಕೊನೆಯ ಪಂದ್ಯದ ಕೊನೆಯ ಇನ್ನಿಂಗ್ಸಿನಲ್ಲಿ, ಎರಡು ಔಟಾದ ಮೇಲೆ, ನನ್ನ ತಂಡ, ಕಣಿವೆಯ ಹುಂಜಗಳು, ಚಾಂಪಿಯನ್ ಆದರು. ಡಾಕ್ಟರು ನಿನಗೆ ಬೇಡ ಅಂದದ್ದು ಆತಂಕ, ಸುದ್ದಿಯಲ್ಲ. ಕೊನೆಯನ್ನು ಮೊದಲೇ ಹೇಳಿಬಿಟ್ಟ ಮೇಲೆ ಆತಂಕಕ್ಕೆ ಜಾಗ ಎಲ್ಲಿದೆ ಹೇಳು? ನಿನ್ನ ಎದೆಯ ಮೇಲೆ ಇಷ್ಟು ಕಾಳಜಿ ಇರುವ ವೈರಿ ನಿನಗೆ ಇನ್ನೆಲ್ಲೂ ಸಿಗುವುದಿಲ್ಲ. ಊರಿನ ಬೀದಿಯೆಲ್ಲ ಕೆಂಪು ಬಾವುಟ, ಇಗರ್ಜಿಯ ಗಂಟೆ ಬಾರಿಸಿದ್ದು ಯಾರು ಅಂತ ಪಾದ್ರಿಗಳಿಗೇ ಗೊತ್ತಿಲ್ಲವಂತೆ. ಬೀದಿಯಲ್ಲಿ ನಮ್ಮದೊಂದೇ ಬಾಗಿಲು ನೀಲಿ. ಆ ಬಾಗಿಲ ವಿಷಯಕ್ಕೆ ಆಮೇಲೆ ಬರುತ್ತೇನೆ.

ಎರವಲು ಆರಿಸುವ ಹಿಂದಿನ ದಿನದಿಂದ ಶುರು ಮಾಡುತ್ತೇನೆ, ಗೆದ್ದದ್ದು ಅಲ್ಲೇ. ಜನವರಿ ಆರರ ಮೂರು ಅರಸರ ಹಬ್ಬದ ಮಾರನೆಯ ದಿನ. ನಿನ್ನ ನಾವಿಕರು ಹೊರಬಿದ್ದಿದ್ದರು. ಉಳಿದ ತಂಡಗಳು ಅವರ ಆಟಗಾರರಲ್ಲಿ ಬೇಕಾದವರನ್ನು ಋತು ಮುಗಿಯುವ ತನಕ ಎರವಲು ತೆಗೆದುಕೊಳ್ಳಬಹುದಿತ್ತು. ಮೊದಲ ಆಯ್ಕೆ ನಮ್ಮದು. ನಮ್ಮ ಶಾರ್ಟ್‌ಸ್ಟಾಪ್ ಹಿಂದಿನ ವಾರವಷ್ಟೇ ಬೆರಳು ಮುರಿದುಕೊಂಡಿದ್ದ. ಎರಡನೆಯ ಬೇಸಿಗೂ ಮೂರನೆಯ ಬೇಸಿಗೂ ನಡುವೆ ನಿಲ್ಲುವವನೇ ಇಲ್ಲ, ಆದರೂ ನೆನೊನ ಅಂಗಡಿಯ ಮುಂದೆ ದೊಮಿನೊ ಆಡುವ ಘನಪಂಡಿತರಿಗೆಲ್ಲ ಬೇಕಾದದ್ದು ನಾವಿಕರ ಆ ದೊಡ್ಡ ಅಮೆರಿಕದ ಗ್ರಿಂಗೊ. "ದೋನ್ಯಾ, ಅವ್ನು ಹೊಡ್ದ್ರೆ ಚೆಂಡು ತೆಂಗಿನಮರ ದಾಟುತ್ತೆ" ಅಂತ ನೆನೊ, ಹಾಲಿನ ಪುಡಿ ತೂಕಕ್ಕಿಡುವುದನ್ನೂ ಮರೆತು. ನಾನು ಕೇಳಿದೆ, "ತೆಂಗಿನಮರ ಎಷ್ಟು ಪಂದ್ಯ ಗೆದ್ದಿದೆ?" ಆ ಗ್ರಿಂಗೊ ಹೊಡೆಯುವುದು ದಣಿದ ಪಿಚರುಗಳ ನೇರ ಚೆಂಡಿಗೆ. ಚೆಂಡು ಸ್ವಲ್ಪ ಬಾಗಿ ಬಂದರೆ ಅವನ ಸೊಂಟ ಒಂದು ಕಡೆ, ಕೈ ಇನ್ನೊಂದು ಕಡೆ. ಅದೂ ಅಲ್ಲದೆ ಉತ್ತರದಲ್ಲಿರುವ ಅವನ ಯಜಮಾನರು ಜನವರಿ ಅರ್ಧ ಆಗುವುದರೊಳಗೆ ವಿಮಾನದ ಚೀಟಿ ಕಳಿಸುತ್ತಾರೆ, ಪ್ರತಿ ವರ್ಷ ನೋಡಿದ್ದೇವೆ. ಇಷ್ಟು ಹೇಳಿದೆ. ಆಗ ಒಬ್ಬ ಕೇಳಿದ, "ಹಂಗಾದ್ರೆ ಯಾರ್ ಬೇಕಮ್ಮಾ ನಿಮ್ಗೆ?"

ಅಮಾದೊ, ನನ್ನ ಬಾಯಿಯಿಂದ ಆ ಹೆಸರು ಹೇಗೆ ಬಂತೋ ಅಲ್ತಾಗ್ರಾಸಿಯಾ ಮಾತೆಗೇ ಗೊತ್ತು. ಪನಿಯಾಗ್ವಾ, ಅಂದೆ.

ದೊಮಿನೊ ಪಂಡಿತರೆಲ್ಲ ಆಟ ಬಿಟ್ಟು ನನ್ನ ಕಡೆ ತಿರುಗಿದರು. ನಿನ್ನ ಎಲಿಹಿಯೊ ಪನಿಯಾಗ್ವಾ. ನಾನು ನಾಲ್ಕು ವರ್ಷದಿಂದ ಒಣಕಬ್ಬು ಎಂದು ಕರೆಯುತ್ತ ಬಂದವನು. ಅವನು ನಾವಿಕರ ತಂಡಕ್ಕೆ ಬಂದ ಮೊದಲ ವಾರವೇ ನೀನು ಅಡುಗೆಮನೆಗೆ ಬಂದು, ನಾನು ಹುರುಳಿಕಾಯಿ ಮುರಿಯುತ್ತಿರುವಾಗ, ಇವನು ದೊಡ್ಡವನಾಗುತ್ತಾನೆ ಎಂದು ಹೇಳಿದೆ. "ಅವ್ನ ಬ್ಯಾಟು ನೋಡ್ಬೇಡ ಮುದ್ಕಿ, ಕಾಲು ನೋಡು. ಚೆಂಡು ಬ್ಯಾಟಿಗೆ ತಾಗೋಕ್ ಮುಂಚೇನೇ ಅವ್ನ ಎಡಗಾಲು ಹೊರಟಿರುತ್ತೆ. ಕೈ ಕಲಿಸ್ಬಹುದು, ಬ್ಯಾಟು ಕಲಿಸ್ಬಹುದು, ಆ ಕಾಲು ಕಲ್ಸೋಕಾಗಲ್ಲ." ನಾನು ನಕ್ಕಿದ್ದೆ, ಕಬ್ಬೇನೋ ಉದ್ದ ಇದೆ, ರಸ ಎಲ್ಲಿ ಅಂದಿದ್ದೆ. ನೀನು ಬಿಡಲಿಲ್ಲ. ಊಟಕ್ಕೆ ಕೂತರೆ ಪನಿಯಾಗ್ವಾ, ಪೂಜೆಗೆ ಹೊರಟರೆ ಪನಿಯಾಗ್ವಾ. "ಬ್ಯಾಟು ತಡವಾಗಿ ಬರುತ್ತೆ, ಇಪ್ಪತ್ತೈದಕ್ಕೆ ಬರುತ್ತೆ, ಕಾಯ್ಬೇಕು." ನಾಲ್ಕು ವರ್ಷ ಕೇಳಿ ಕೇಳಿ ಆ ಉಪದೇಶ ಜಪಮಾಲೆಯ ಹಾಗೆ ಬಾಯಿಪಾಠ ಆಗಿತ್ತು. ಹಾಗಾಗಿ ನೆನೊನ ಅಂಗಡಿಯಲ್ಲಿ ನಿಂತು ಅದನ್ನೇ ಒಂದಕ್ಷರ ಬಿಡದೆ ಒಪ್ಪಿಸಿದೆ. ಎಡಗಾಲು ಹೇಳಿದೆ, ಇಪ್ಪತ್ತೈದು ಹೇಳಿದೆ. ಅವನಿಗೆ ನವೆಂಬರಿನಲ್ಲಿ ಇಪ್ಪತ್ತೈದು ತುಂಬಿತು, ಅದನ್ನೂ ಹೇಳಿದೆ. ನೆನೊ ಲೆಕ್ಕದ ಮೇಜಿಗೆ ಒರಗಿ, "ಯಜಮಾನ್ರು ಊರಲ್ಲಿಲ್ಲ ಅಂತ ನೀವೇ ಅವ್ರ ಪಾರ್ಟಿ ಸೇರ್ಕೊಂಡ್ಬಿಟ್ರಾ ದೋನ್ಯಾ?" ಅಂದ. ಎಲ್ಲರೂ ನಕ್ಕರು.

ನನಗೆ ರೇಗಿತು. ರೇಗಿದರೆ ನಾನು ಏನು ಮಾಡುತ್ತೇನೆ ನಿನಗೆ ಗೊತ್ತಲ್ಲ. ಅಲ್ಲೇ ನೆನೊನ ಫೋನು ಎತ್ತಿ, ಸಂಜೆ ಜನರ ಮಾತು ಕೇಳುತ್ತಾರಲ್ಲ ಆ ರೇಡಿಯೊ ಕಾರ್ಯಕ್ರಮಕ್ಕೆ ಹಚ್ಚಿದೆ. ಸಿಕ್ಕೇಬಿಟ್ಟಿತು. ನನ್ನ ಧ್ವನಿ ಅಂಗಡಿಯ ರೇಡಿಯೊದಲ್ಲಿ ನನಗೇ ಕೇಳುತ್ತಿತ್ತು. ನಾನು ಎಡಗಾಲಿನ ವಿಷಯ ಶುರುಮಾಡಿದ್ದೇ ತಡ ಆ ನಿರೂಪಕ ತಡೆದು, "ಅಮ್ಮಾ, ಒಂದ್ ನಿಮ್ಷ, ತಾವು ಯಾವ ಕಡೆಯವ್ರು, ಹುಂಜಗಳೋ ನಾವಿಕರೋ?" ಎಂದು ಕೇಳಿದ. "ಮಲಗೋದು ನಾವಿಕರ ಜೊತೆ, ಪ್ರಾರ್ಥನೆ ಹುಂಜಗಳಿಗೆ" ಅಂದೆ. ಅವನು ನಗು ತಡೆಯಲಾರದೆ ಜಾಹೀರಾತು ಹಾಕಿಬಿಟ್ಟ. ಆದರೆ ಜಾಹೀರಾತು ಮುಗಿದ ಮೇಲೆ ನನ್ನನ್ನು ಪೂರ್ತಿ ಮಾತಾಡಲು ಬಿಟ್ಟ, ಅದು ನ್ಯಾಯ. ಮಾರನೆಯ ದಿನ ಹನ್ನೊಂದು ಗಂಟೆಗೆ ಸುದ್ದಿ ಬಂತು: ಹುಂಜಗಳ ಮೊದಲ ಆಯ್ಕೆ ಎಲಿಹಿಯೊ ಪನಿಯಾಗ್ವಾ. ತಂಡದವರು ತಮ್ಮ ಬುದ್ಧಿಯಿಂದಲೇ ಆರಿಸಿರಬಹುದು, ನಾನು ಅಷ್ಟು ದಡ್ಡಿಯಲ್ಲ. ಆದರೆ ಈ ಬೀದಿಯಲ್ಲಿ ಕೇಳಿದರೆ ಅವನನ್ನು ಆರಿಸಿದವಳು ನಾನೇ. ಆ ಗ್ರಿಂಗೊನನ್ನು ಪೂರ್ವ ತೀರದ ತಂಡದವರು ತೆಗೆದುಕೊಂಡರು. ಒಂದು ವಾರ ಆಡಿದ, ಹೊಟ್ಟೆ ಕೆಟ್ಟಿತು, ಯಜಮಾನರಿಂದ ಚೀಟಿ ಬಂತು, ಹಾರಿಹೋದ. ಆ ದಿನ ನಾನು ನೆನೊನ ಅಂಗಡಿಯ ಮುಂದೆ ನಿಧಾನವಾಗಿ ನಡೆದುಹೋದೆ. ಎರಡು ಸಲ.

ಆದರೆ ಕೊನೆಯ ಸರಣಿ ಶುರುವಾದದ್ದೇ ನನ್ನ ಗ್ರಹಚಾರ ಕೆಟ್ಟಿತು. ಎದುರಿಗೆ ಅದೇ ಪೂರ್ವ ತೀರದವರು. ಪನಿಯಾಗ್ವಾ ಚೆಂಡು ಹಿಡಿಯುವುದರಲ್ಲಿ ದೇವರು. ನೀನು ಹೇಳಿದ ಎಡಗಾಲು ನನಗೆ ಈಗ ರೇಡಿಯೊದಲ್ಲೇ ಕಾಣುತ್ತಿತ್ತು; ವಿವರಣೆ ಕೊಡುವವನು "ಹೊಡೆದ" ಎನ್ನುವಷ್ಟರಲ್ಲಿ ಇವನು ಆಗಲೇ ಅಲ್ಲಿ ನಿಂತಿರುತ್ತಿದ್ದ. ಆದರೆ ಬ್ಯಾಟು ಹಿಡಿದು ನಿಂತರೆ ಮಾತ್ರ ಬರೀ ಗಾಳಿ. ಪಂದ್ಯದ ಮೇಲೆ ಪಂದ್ಯ, ಒಂದೇ ಒಂದು ಹೊಡೆತವಿಲ್ಲ. ನೆನೊ ನನಗೆ ಕೊಳೆತ ಬಾಳೆಕಾಯಿ ಕಟ್ಟಲು ಶುರುಮಾಡಿದ. ಪಕ್ಕದ ಮನೆಯ ಮಿರೆಯಾ ಬೇಲಿಯ ಮೇಲಿಂದ, "ನಿನ್ನ ಎರವಲು ಹುಡ್ಗ ಇವತ್ತೂ ಉಪವಾಸನಾ?" ಎಂದು ದಿನಾ ಕೇಳುತ್ತಿದ್ದಳು. ನನಗೆ ನಿನ್ನ ಮೇಲೆ ಸಿಟ್ಟು ಬಂತು, ನಿಜ ಹೇಳುತ್ತೇನೆ. ಇಪ್ಪತ್ತೈದಕ್ಕೆ ಬರುತ್ತೆ ಅಂದವನು ಇಪ್ಪತ್ತೈದು ಮತ್ತು ಎಷ್ಟು ತಿಂಗಳು ಅಂತ ಹೇಳಬೇಕಿತ್ತು.

ಹೀಗೇ ತಲಾ ಮೂರು ಪಂದ್ಯ ಗೆದ್ದು ಮೂರಕ್ಕೆ ಮೂರಾಗಿ ನಿನ್ನೆಯ ಪಂದ್ಯಕ್ಕೆ ಬಂದೆವು. ನಾನು ನಿನ್ನ ರೇಡಿಯೊ ಅಡುಗೆಮನೆಯ ಮೇಜಿನ ಮೇಲಿಟ್ಟು, ಬೆಕ್ಕನ್ನು ಎಬ್ಬಿಸಿ ನಿನ್ನ ಕುರ್ಚಿಯಲ್ಲಿ ಕೂತೆ. ಓಟಗಳು ಎರಡಕ್ಕೆ ಎರಡು ಸಮ. ಆರನೆಯ ಇನ್ನಿಂಗ್ಸಿನಲ್ಲಿ ನಮ್ಮ ಮ್ಯಾನೇಜರ್ ಮೈದಾನಕ್ಕೆ ನಡೆದು ಬಂದು, ಈ ಋತುವಿಡೀ ನಮ್ಮನ್ನು ಹೊತ್ತು ತಂದ ಪಿಚರನ ಕೈಯಿಂದ ಚೆಂಡು ತೆಗೆದುಕೊಂಡ. ಜನರೆಲ್ಲ ಕೂಗಿದರು, ಬೈದರು. ನಾನು ಬೈಯಲಿಲ್ಲ. ನನಗೆ ನಿಮ್ಮ ಮುದುಕ ಪಿಚರ್ ಕೊರ್ಪೊರಾನ್ ನೆನಪಾದ. ಆ ವರ್ಷ ಅವನ ತೋಳು ಬಿದ್ದುಹೋಗಿದೆ ಎಂದು ಕುರುಡರಿಗೂ ಕಾಣುತ್ತಿದ್ದರೂ ನಾವಿಕರ ಮ್ಯಾನೇಜರ್ ಗೌರವ ಗೌರವ ಎನ್ನುತ್ತ ಅವನನ್ನೇ ಎಸೆಯಲು ಬಿಟ್ಟ, ಮನೆ ಮುಳುಗಿತು. ನೀನು ಕುರ್ಚಿಯನ್ನು ಹಿತ್ತಲಿಗೆ ಎಸೆದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ್ದೆ: "ಸುಸ್ತಾದವನನ್ನ ಅಲ್ಲೇ ನಿಲ್ಲಿಸೋದು ಗೌರವ ಅಲ್ಲ ಕಣ್ರೋ, ಹೊಸಬ್ನನ್ನ ಕರೆಯೋಕೆ ಹೆದ್ರಿಕೆ." ಎಷ್ಟು ವರ್ಷ ಆಯಿತು, ಆ ಮ್ಯಾನೇಜರನ ಹೆಸರು ಬಂದರೆ ಈಗಲೂ ನೀನು ಎದ್ದು ನಿಲ್ಲುತ್ತೀಯ. ನಮ್ಮವನು ಹೆದರಲಿಲ್ಲ. ಹೊಸ ಪಿಚರ್ ಬಂದು ಎದುರಿನವರನ್ನು ಕಟ್ಟಿಹಾಕಿದ.

ಎಂಟನೆಯದರಲ್ಲಿ, ಎರಡು ಔಟಾದ ಮೇಲೆ, ಅವರ ಒಬ್ಬ ಓಟಗಾರ ಮೂರನೆಯ ಬೇಸಿನಲ್ಲಿ ನಿಂತಿದ್ದಾಗ ಚೆಂಡು ನೆಲ ಹಿಡಿದು ಎಡಗಡೆಯ ಖಾಲಿ ಜಾಗಕ್ಕೆ ಹೋಯಿತು. ಆಯಿತು, ಮುಗಿಯಿತು ಎಂದು ನಾನು ಕಣ್ಣು ಮುಚ್ಚಿದೆ. ಪನಿಯಾಗ್ವಾ ಅಲ್ಲಿದ್ದ. ನೆಲದ ಮೇಲೆ ಉದ್ದಕ್ಕೆ ಬಿದ್ದು, ಮಂಡಿಯ ಮೇಲೆ ಎದ್ದು, ಮೊದಲ ಬೇಸಿಗೆ ಎಸೆದ. ಔಟ್. ಕಾಲು ಕಲಿಸೋಕಾಗಲ್ಲ ಎಂದು ನಾನು ಖಾಲಿ ಅಡುಗೆಮನೆಯಲ್ಲಿ ಗಟ್ಟಿಯಾಗಿ ಹೇಳಿದೆ. ನೀನಿದ್ದಿದ್ದರೆ ಎಂದು ಆಗ ತುಂಬ ಅನ್ನಿಸಿತು.

ಇನ್ನು ಕೇಳು. ಒಂಬತ್ತನೆಯದು, ನಮ್ಮ ಸರದಿ. ಎರಡು ಔಟ್. ನಮ್ಮವನೊಬ್ಬ ಎರಡನೆಯ ಬೇಸಿನಲ್ಲಿದ್ದಾನೆ. ಬ್ಯಾಟಿಗೆ ಬರುವವನು ಯಾರು? ಒಣಕಬ್ಬು. ಇಡೀ ಊರು ಒಂದೇ ಸಲ ನಿಟ್ಟುಸಿರು ಬಿಟ್ಟದ್ದು ಕಿಟಕಿಯಿಂದ ಕೇಳಿಸಿತು. ಮೊದಲ ಚೆಂಡು, ಗಾಳಿ. ಎರಡನೆಯದು, ಗಾಳಿ. ಮೂರನೆಯದೂ ತಪ್ಪಿದರೆ ಅವನು ಔಟ್, ನಮ್ಮ ಸರದಿಯೂ ಮುಗಿದಂತೆ. ಆಗಲೇ ಮಿರೆಯಾ, ಒಬ್ಬಳೇ ಕೂತು ಕೇಳಲು ಧೈರ್ಯ ಸಾಲದೆ, ಕಾಫಿಯ ಪಾತ್ರೆ ಹಿಡಿದು ನಮ್ಮ ಅಡುಗೆಮನೆಗೆ ಬಂದಳು. ಬಂದವಳು ಬಾಗಿಲ ಹಿಂದೆ ನೋಡಿ ಅಲ್ಲೇ ನಿಂತಳು. ಮುಖ ಕೆಂಪಾಯಿತು. "ಏನೇ ಎರ್ಸಿಲಿಯಾ, ಪೊರಕೆ ತಲೆಕೆಳಗೆ ನಿಲ್ಸಿದ್ದೀಯ, ಉಪ್ಪು ಬೇರೆ ಹಾಕಿದ್ದೀಯ. ನಾನು ಬರ್ಬಾರ್ದು ಅಂದ್ರೆ ಬಾಯಲ್ಲಿ ಹೇಳ್ಬಹುದಿತ್ತು." ನಾನು ರೇಡಿಯೊದಿಂದ ಕಿವಿ ತೆಗೆಯದೆಯೇ, "ಸುಮ್ನಿರೇ, ಅದು ನಿನಗಲ್ಲ, ಒಣಕಬ್ಬಿಗೆ" ಅಂದೆ.

ಅಂದವಳು ನನ್ನ ಮಾತು ನಾನೇ ಕೇಳಿ ತಣ್ಣಗಾದೆ. ನಿನಗೆ ನೆನಪಿದೆಯಲ್ಲ, ನಾಲ್ಕು ವರ್ಷದಿಂದ ಅಕ್ಟೋಬರಿನಲ್ಲಿ ಆಟ ಶುರುವಾದ ದಿನವೇ ನಾನು ಪೊರಕೆಯನ್ನು ತಲೆಕೆಳಗು ಮಾಡಿ, ಬುಡಕ್ಕೆ ಉಪ್ಪು ಹಾಕಿ, ಅವನ ಹೆಸರು ಹೇಳಿ ಬಾಗಿಲ ಹಿಂದೆ ನಿಲ್ಲಿಸುತ್ತೇನೆ. ಬೇಡದ ಅತಿಥಿ ಬಂದ ಹಾಗೇ ಎದ್ದು ಹೋಗಲಿ ಎಂದು ಹೆಂಗಸರು ಮಾಡುವ ಕೆಲಸ. ನಾನು ಬೇಡದ ಬ್ಯಾಟಿನವನಿಗೆ ಮಾಡುತ್ತೇನೆ. ನೀನು ಕದ್ದು ಅದನ್ನು ನೆಟ್ಟಗೆ ನಿಲ್ಲಿಸುವುದು, ನಾನು ಮತ್ತೆ ತಿರುಗಿಸುವುದು. ಈ ವರ್ಷ ನೆಟ್ಟಗೆ ನಿಲ್ಲಿಸಲು ನೀನಿರಲಿಲ್ಲ. ಅಂಗಿ ಬದಲಾಯಿತು, ನೀಲಿ ಹೋಗಿ ಕೆಂಪು ಬಂತು, ರೇಡಿಯೊದಲ್ಲಿ ಅವನ ಪರವಾಗಿ ವಾದ ಮಾಡಿದೆ, ಅವನಿಗೆಂದು ಮೇಣದಬತ್ತಿ ಹಚ್ಚಿದೆ, ಆದರೆ ಪೊರಕೆಗೆ ಯಾರೂ ಹೇಳಲಿಲ್ಲ. ಅದು ಪಾಪ ಸರಣಿಯುದ್ದಕ್ಕೂ ನಿಯತ್ತಾಗಿ ಅವನನ್ನು ವಾಪಸು ಕಳಿಸುತ್ತಲೇ ಇತ್ತು.

ಮಂಡಿ ನೋವು ಎಲ್ಲಿ ಹೋಯಿತೋ. ಎದ್ದು ಓಡಿ ಪೊರಕೆ ನೆಟ್ಟಗೆ ಮಾಡಿದೆ. ಮಿರೆಯಾಗೆ ವಿಷಯ ಅರ್ಥವಾದದ್ದೇ ಕಾಫಿ ಕೆಳಗಿಟ್ಟು ಕೈಯಲ್ಲೇ ಉಪ್ಪು ಬಳಿದು ಹಿತ್ತಲಿಗೆ ಎಸೆದಳು. "ಕ್ಷಮ್ಸಪ್ಪಾ ಎಲಿಹಿಯೊ, ಒಳಗ್ ಬಾ, ಕೂತ್ಕೋ" ಎಂದು ನಾನು ಪೊರಕೆಯ ಹಿಡಿ ಹಿಡಿದುಕೊಂಡು ಹೇಳುತ್ತಿದ್ದೆ. ಮೂರನೆಯ ಚೆಂಡು. ಬ್ಯಾಟಿನ ಸದ್ದು ರೇಡಿಯೊದಲ್ಲೇ ಬೇರೆ ಥರ ಕೇಳಿಸಿತು. ಚೆಂಡು ಮೊದಲ ಬೇಸಿಗೂ ಎರಡನೆಯದಕ್ಕೂ ನಡುವೆ ತೂರಿ ಬಲಗಡೆಯ ಹುಲ್ಲಿಗೆ ಬಿತ್ತು. ಎರಡನೆಯ ಬೇಸಿನಲ್ಲಿದ್ದವನು ಮೂರನೆಯದನ್ನು ತಿರುಗಿ ಮನೆಗೆ, ಹೋಮ್ ಬೇಸಿಗೆ, ಬಂದ; ಮೂರಕ್ಕೆ ಎರಡು. ಆಮೇಲೆ ವಿವರಣೆಯವನು ಏನು ಹೇಳಿದನೋ ಗೊತ್ತಿಲ್ಲ, ನಾನೂ ಮಿರೆಯಾ ಪೊರಕೆ ಹಿಡಿದುಕೊಂಡು ಬೀದಿಯಲ್ಲಿ ಕುಣಿಯುತ್ತಿದ್ದೆವು. ನೆನೊ ಅಂಗಡಿಯಿಂದ ಓಡಿ ಬಂದು ಎಲ್ಲರ ಮುಂದೆ ನನ್ನ ಕೈಗೆ ಮುತ್ತಿಟ್ಟ. ಈ ಬೆಳಿಗ್ಗೆ ಒಳ್ಳೆಯ ಬಾಳೆಕಾಯಿ ತಾನೇ ತಂದುಕೊಟ್ಟು ಹೋದ. ಆ ಪೊರಕೆಗೆ ಮಕ್ಕಳು ಕೆಂಪು ರಿಬ್ಬನ್ ಕಟ್ಟಿದ್ದಾರೆ, ಇನ್ನು ಗುಡಿಸಲು ನಾನು ಬೇರೆಯದು ಕೊಳ್ಳಬೇಕು.

ನೀನು ಈಗ ಕುರ್ಚಿಯಲ್ಲಿ ನೆಟ್ಟಗೆ ಕೂತು ಏನು ಹೇಳುತ್ತಿದ್ದೀಯ ಎಂದು ನನಗೆ ಇಲ್ಲಿಗೆ ಕೇಳಿಸುತ್ತಿದೆ. ಹೊಡೆದವನು ನನ್ನ ಹುಡುಗ, ಮೊದಲು ಕಂಡವನು ನಾನು, ಆದ್ದರಿಂದ ಗೆದ್ದವನು ನಾನು. ಅಲ್ಲವೇ? ನೀನು ಮೊದಲು ಕಂಡದ್ದು ನಿಜ, ಅದನ್ನು ಬೀದಿಯಲ್ಲಿ ನಾನೇ ಎಲ್ಲರಿಗೂ ಹೇಳಿದ್ದೇನೆ. ನಿನ್ನ ಕಣ್ಣಿನ ಬಗ್ಗೆ ನನಗೆ ಹೆಮ್ಮೆ ಇದೆ, ಅದನ್ನೂ ಇಲ್ಲಿ ಬರೆಯುತ್ತೇನೆ. ಆದರೆ ಗೆದ್ದವಳು ನಾನು. ಈಗ ಬಾಗಿಲ ವಿಷಯ. ನಾವಿಕರು ಚಾಂಪಿಯನ್ ಆದ ಆ ವರ್ಷ ಕೊನೆಯ ಪಂದ್ಯ ಎಸೆದು ಗೆಲ್ಲಿಸಿದವನು ಯಾರು? ನಮ್ಮ ಹುಂಜಗಳ ಪಿಚರ್, ನಿಮಗೆ ಎರವಲು ಬಂದವನು. ಅರ್ಧ ಗೆಲುವು ನನ್ನದು ಎಂದು ನಾನು ವಾದಿಸಿದೆ, ಕಣ್ಣೀರೂ ಹಾಕಿದೆ. ಆಗ ನೀನು ಮೇಜು ಕುಟ್ಟಿ ತೀರ್ಪು ಕೊಟ್ಟೆ: "ಎರವಲು ಬಂದವ್ನು ಬಂದ ಮನೆಯವ್ನು. ಅಂಗಿ ಹಾಕ್ಕೊಂಡ ಮೇಲೆ ಎಲ್ಲಿಂದ ಬಂದ ಅಂತ ಕೇಳ್ಬಾರ್ದು." ಆ ತೀರ್ಪಿನ ಮೇಲೆಯೇ ನನ್ನ ಕೈಯಲ್ಲಿ ಬಣ್ಣದ ಡಬ್ಬ ಕೊಟ್ಟು ಬೀದಿಯ ಬಾಗಿಲಿಗೆ ನೀಲಿ ಹೊಡೆಸಿದೆ. ಹೊಡೆದೆ. ಎಲ್ಲರೂ ನಿಂತು ನೋಡಿದರು. ಪ್ರತಿ ವರ್ಷ ಸೋತವರು ಗೆದ್ದವರ ಒಂದು ಮಾತು ನಡೆಸಬೇಕು, ಯಾಕೆ ಎಂದು ಕೇಳಕೂಡದು ಎಂದು ಮದುವೆಯಾದ ವರ್ಷವೇ ನಾವು ಮಾಡಿಕೊಂಡ ಕರಾರು. ನೀನು ಮೀಸೆ ತೆಗೆದದ್ದು ಹಾಗೆ, ಸುರುಟು ಬಿಟ್ಟದ್ದು ಹಾಗೆ. ಸುರುಟಿಗಾಗಿ ಡಾಕ್ಟರು ಹತ್ತು ವರ್ಷ ಬೇಡಿಕೊಂಡಿದ್ದರು, ನಾನು ಒಂದು ಮಾತು ಹೇಳಿದೆ, ನೀನು ಆ ಸಂಜೆಯೇ ಡಬ್ಬಿಯನ್ನು ನೆನೊನಿಗೆ ಕೊಟ್ಟುಬಂದೆ. ನಿನ್ನಲ್ಲಿ ನೂರು ದೋಷ ಹುಡುಕಬಲ್ಲೆ, ಆದರೆ ವರ್ಷದ ಮಾತಿಗೆ ನೀನು ಯಾವತ್ತೂ ತಪ್ಪಿದವನಲ್ಲ.

ಈ ಸಲ ಏನು ಕೇಳುತ್ತೇನೆ ಎಂದು ಊರೆಲ್ಲ ಊಹೆ. ಬಾಗಿಲು ಕೆಂಪಾಗುತ್ತದೆ ಎಂದು ಮಿರೆಯಾ. ಕೆಂಪು ಟೊಪ್ಪಿ ಹಾಕಿಸಿ ಪೂಜೆಗೆ ಕರೆದುಕೊಂಡು ಹೋಗುತ್ತಾಳೆ ಎಂದು ನೆನೊ. ನಾನು ಬಾಯಿ ಬಿಟ್ಟಿಲ್ಲ, ನಗುತ್ತಾ ಇದ್ದೇನೆ.

ರೊಟ್ಟಿಯಲ್ಲಿ ಉಪ್ಪಿಲ್ಲ, ನಾನೇ ಸುಟ್ಟದ್ದು, ಮಗಳ ಎದುರಿಗೇ ತಿನ್ನಬಹುದು. ದಾಮಾರಿಸ್‌ಗೆ ನನ್ನ ಆಶೀರ್ವಾದ, ಈ ಕಾಗದ ಅವಳ ಕೈಗೆ ಸಿಕ್ಕರೂ ಆಶೀರ್ವಾದ ವಾಪಸಿಲ್ಲ. ಮಿರೆಯಾ ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದಳು, ನೆನೊ ಕೂಡ. ಅಲ್ತಾಗ್ರಾಸಿಯಾ ಮಾತೆ ನಿನ್ನ ತಲೆಯ ಮೇಲೆ ಕೈ ಇಟ್ಟಿರಲಿ, ನಾವಿಕರವನು ಎಂದು ಗೊತ್ತಾದರೂ ತೆಗೆಯದಿರಲಿ.

ಇಂತಿ, ಚಾಂಪಿಯನ್ ಆದ ನಿನ್ನ
ಎರ್ಸಿಲಿಯಾ

ತಾ.ಕ.: ಬಸ್ಸು ಹಾರನ್ ಹೊಡೆಯುತ್ತಿದೆ, ಬೇಗ ಬರೆಯುತ್ತೇನೆ. ನನ್ನ ವರ್ಷದ ಮಾತು ಇದು: ಸಹಿ ಹಾಕು. ಆಪರೇಷನ್ನಿನ ಒಪ್ಪಿಗೆಯ ಕಾಗದ ದಾಮಾರಿಸ್ ಹತ್ತಿರ ಇದೆ, ಇವತ್ತೇ ಕೇಳು, ಶುಕ್ರವಾರದವರೆಗೆ ಕಾಯಬೇಡ. ಯಾಕೆ ಎಂದು ಕೇಳುವ ಹಾಗಿಲ್ಲ. ಆ ಕವಾಟ ನಿನ್ನ ಮುದುಕ ಕೊರ್ಪೊರಾನ್, ಅದನ್ನು ಅಲ್ಲೇ ನಿಲ್ಲಿಸುವುದು ಗೌರವವಲ್ಲ, ಅದು ಏನೆಂದು ನೀನೇ ಬೀದಿಗೆಲ್ಲ ಕೂಗಿ ಹೇಳಿದ್ದೀಯ. ಬೇರೆಯವರ ಸಾಮಾನು ಬೇಡ ಎನ್ನಬೇಡ. ಎರವಲು ಬಂದದ್ದು ಬಂದ ಮನೆಯದು, ತೀರ್ಪು ನಿನ್ನದು, ಸಾಕ್ಷಿಗೆ ನೀಲಿ ಬಾಗಿಲು ಇಲ್ಲೇ ನಿಂತಿದೆ. ನಿನ್ನೊಳಗೆ ಸೇರಿದ ದಿನವೇ ಅದೂ ಪಾಪ ನಾವಿಕರ ಪಕ್ಷ. ಅಮಾದೊ, ನನಗೆ ಭಯವಾಗಿದೆ. ನಾನು ಸೋಲಿಸಬೇಕಾದವನು ನೀನೊಬ್ಬನೇ, ನೀನಿಲ್ಲದೆ ನಾನು ಗೆದ್ದು ಏನು ಮಾಡಲಿ? ಪೊರಕೆಯನ್ನು ನೆಟ್ಟಗೇ ನಿಲ್ಲಿಸಿದ್ದೇನೆ, ಯಾರೂ ಮುಟ್ಟಕೂಡದು ಎಂದು ಹೇಳಿದ್ದೇನೆ. ನೀನು ಬಂದು ಒಳಗೆ ಕೂತ ಮೇಲೆಯೇ ಅದನ್ನು ನಿನ್ನ ತಂಡದ ಮೇಲೆ ತಿರುಗಿಸುವುದು.